ನಾಗಸ್ವರದ ಅಂಗಳದಲ್ಲಿ ಸ್ಯಾಕ್ಸೊಫೋನ್

ದೀಪಾವಳಿ ಕಳೆದ ಮೇಲೆ ಮೇ ತಿಂಗಳ ಪತ್ತನಾಜೆ ಬರುವವರೆಗೆ ತುಳುನಾಡಿನ ಹಳ್ಳಿಗಳಲ್ಲಿ ರಾತ್ರಿಗೆ ಬಿಡುವಿಲ್ಲ. ಒಂದೆಡೆ ನೇಮ, ಇನ್ನೊಂದೆಡೆ ದೇವಸ್ಥಾನದ ಉತ್ಸವ, ಮತ್ತೊಂದೆಡೆ ಯಕ್ಷಗಾನ ಬಯಲಾಟ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲೋ, ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲೋ ಬಸ್ಸಿಳಿದು ಗದ್ದೆಯ ಹುಣಿಯ ಮೇಲೆ ನಡೆಯುವವರ ಕಿವಿಗೆ ಮೊದಲು ಬೀಳುವುದು ತಾಸೆಯ ಸದ್ದು. ಇನ್ನೂ ಹತ್ತಿರ ಹೋದಂತೆ ಅದರ ಮೇಲೇರಿ ಬರುವ ಊದುವ ವಾದ್ಯದ ದನಿ ಕೇಳಿಸುತ್ತದೆ. ಹಿಂದಿನ ತಲೆಮಾರಿನವರಿಗೆ ಆ ದನಿ ಯಾವುದೆಂದು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅದು ನಾಗಸ್ವರ. ಈಗ ಅಂಗಳಕ್ಕೆ ಹೋಗಿ ನೋಡಿದರೆ ಬಹಳ ಕಡೆ ವಾಲಗದವರ ಕೊರಳಲ್ಲಿ ತೂಗುತ್ತಿರುವುದು ಹಿತ್ತಾಳೆಯ, ಮೈತುಂಬ ಕೀಗಳಿರುವ, ಕೊನೆಗೆ ಮೇಲಕ್ಕೆ ಬಾಗಿದ ಸ್ಯಾಕ್ಸೊಫೋನ್.

ಮದುವೆಯ ಚಪ್ಪರದಲ್ಲೂ ಇದೇ ಕಥೆ. ಧಾರೆಯ ಹೊತ್ತಿಗೆ ಡೋಲಿನ ಜೊತೆ ಏರುವ ಗಟ್ಟಿ ಸ್ವರ ಇಂದು ಹೆಚ್ಚಾಗಿ ಸ್ಯಾಕ್ಸೊಫೋನಿನದು. ಯೂರೋಪಿನ ಸೈನ್ಯದ ಬ್ಯಾಂಡಿಗೆಂದು ಹುಟ್ಟಿದ ವಾದ್ಯವೊಂದು ದೇವರ ಬಲಿ ಉತ್ಸವದ ಮುಂದೆ ನಡೆಯುವುದು, ದೈವದ ನರ್ತನಕ್ಕೆ ಹಿಮ್ಮೇಳವಾಗುವುದು ಇಲ್ಲಿನ ಮಕ್ಕಳಿಗೆ ವಿಚಿತ್ರವಾಗಿ ಕಾಣುವುದಿಲ್ಲ. ಅದು ಹೊರಗಿನಿಂದ ಬಂದದ್ದೆಂದು ಹೇಳಿದರೆ ನಂಬದವರೂ ಇರಬಹುದು.

ಹಳೆಯ ವಾದ್ಯ ಮೇಲೋ ಹೊಸದು ಮೇಲೋ ಎಂಬ ಚರ್ಚೆ ಜಗತ್ತಿನ ಎಲ್ಲ ಕಡೆಯೂ ಇದೆ. ಪಿಟೀಲಿನವರಿಗೂ ಗಿಟಾರಿನವರಿಗೂ ಅದು ಮುಗಿಯದ ಮಾತು. ತುಳುನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿ ಹಳತು ಹೊಸತು ಎರಡೂ ಒಂದೇ ಮನೆಯಲ್ಲಿ ಎದುರುಬದುರಾದವು. ಅಪ್ಪನ ಕೈಯಲ್ಲಿ ನಾಗಸ್ವರ, ಮಗನ ಕೈಯಲ್ಲಿ ಸ್ಯಾಕ್ಸೊಫೋನ್. ಇವುಗಳಲ್ಲಿ ಯಾವುದರ ನಾದ ಹೇಗೆ, ಯಾವುದನ್ನು ನುಡಿಸುವುದು ಸುಲಭ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ ಗಳಿಸಿದ್ದೇನು, ಕಳೆದದ್ದೇನು ಎಂಬುದು ನೋಡತಕ್ಕ ವಿಷಯ.

ಪ್ಯಾರಿಸಿನಿಂದ ಸಜಿಪಕ್ಕೆ

ಸ್ಯಾಕ್ಸೊಫೋನಿಗೆ ಹೆಸರು ಬಂದದ್ದು ಅದನ್ನು ರೂಪಿಸಿದ ಅಡಾಲ್ಫ್ ಸ್ಯಾಕ್ಸ್ ಅವರಿಂದ. 1814ರಲ್ಲಿ ಇಂದಿನ ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ ಹುಟ್ಟಿದ ಅವರು ಪ್ಯಾರಿಸಿಗೆ ಹೋಗಿ ನೆಲಸಿ, 1846ರಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದರು. ಬಯಲಿನಲ್ಲಿ ನಡೆಯುವ ಸೈನ್ಯದ ಬ್ಯಾಂಡಿನಲ್ಲಿ ಮರದ ವಾದ್ಯಗಳ ಸ್ವರ ಸಾಲದು, ಲೋಹದ ಕಹಳೆಗಳ ಸ್ವರ ಒರಟು. ಇವೆರಡರ ನಡುವೆ ಸೇತುವೆಯಾಗಬಲ್ಲ ವಾದ್ಯವೊಂದು ಬೇಕೆಂಬುದು ಅವರ ಯೋಚನೆಯಾಗಿತ್ತು. ಮುಂದೆ ಅಮೆರಿಕದ ಜಾಸ್ ಸಂಗೀತಗಾರರು ಇದನ್ನು ಎತ್ತಿಕೊಂಡು ಲೋಕಪ್ರಸಿದ್ಧಗೊಳಿಸಿದರು.

ಇತ್ತ ಮೈಸೂರಿನ ಅರಮನೆಯಲ್ಲಿ ಮಹಾರಾಜರ ಆಶ್ರಯದಲ್ಲಿ ಪಾಶ್ಚಾತ್ಯ ಬ್ಯಾಂಡೊಂದು ಬೆಳೆದಿತ್ತು. ಆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಹುಡುಗನೊಬ್ಬ ಬಂಟ್ವಾಳ ತಾಲೂಕಿನ ಸಜಿಪಮೂಡದವನು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. 1949ರಲ್ಲಿ ಹುಟ್ಟಿದ ಆ ಹುಡುಗನಿಗೆ ಅಪ್ಪನಿಂದ ನಾಗಸ್ವರದ ಪಾಠ ಆಗಿತ್ತು. ಆದರೆ ಮನಸ್ಸು ಹೊಳೆಯುವ ಹಿತ್ತಾಳೆಯ ವಾದ್ಯದ ಮೇಲೆ ನೆಟ್ಟಿತು. ಮುಂದೆ ಕದ್ರಿ ಗೋಪಾಲನಾಥ್ ಎಂಬ ಹೆಸರಿನಿಂದ ಜಗತ್ತು ತಿಳಿದದ್ದು ಇವರನ್ನೇ.

ದಾರಿ ಸುಲಭದ್ದಾಗಿರಲಿಲ್ಲ. ಕರ್ನಾಟಕ ಸಂಗೀತವನ್ನು ಸ್ಯಾಕ್ಸೊಫೋನಿನಲ್ಲಿ ಹೇಳಿಕೊಡುವ ಗುರು ಆಗ ಎಲ್ಲಿಂದ ಬರಬೇಕು? ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಗೋಪಾಲನಾಥ್ ಸಂಗೀತ ಕಲಿತರು. ರಾಗವನ್ನು ಗುರುಗಳಿಂದ ಪಡೆದು, ಅದನ್ನು ಕೀಗಳ ಮೇಲೆ ಇಳಿಸುವ ದಾರಿಯನ್ನು ತಾವೇ ಹುಡುಕಿಕೊಂಡರು. ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಂಡರು. 1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆ ಏರಿ ಜೊತೆಗೂಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರೊಮೆನಾಡ್ ಕಛೇರಿಗೆ ಆಹ್ವಾನ ಬಂತು. ಅದೇ ವರ್ಷ ತೆರೆಗೆ ಬಂದ ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಡ್ಯುಯೆಟ್'ನಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ಅವರ ಸ್ಯಾಕ್ಸೊಫೋನ್ ಉಸಿರಾಯಿತು. 2004ರಲ್ಲಿ ಪದ್ಮಶ್ರೀ ಸಂದಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ದೊಡ್ಡ ದೊಡ್ಡ ಸಭೆಗಳ ವಿದ್ವಾಂಸರು ದುಃಖಿಸಿದಂತೆಯೇ ಕರಾವಳಿಯ ಹಳ್ಳಿ ಹಳ್ಳಿಯ ವಾಲಗದವರೂ ದುಃಖಿಸಿದರು.

ಅದಕ್ಕೆ ಕಾರಣವಿದೆ. ದೇವಾಡಿಗ, ಜೋಗಿ ಮೊದಲಾದ ಸಮುದಾಯಗಳ ಎಷ್ಟೋ ಮನೆಗಳಿಗೆ ವಾದ್ಯ ಊದುವುದು ವಂಶದ ಕಸುಬು. ದೇವಸ್ಥಾನದ ಪೂಜೆಯ ಹೊತ್ತಿಗೆ, ಬಸದಿಯ ಉತ್ಸವಕ್ಕೆ, ಗುತ್ತಿನ ಮನೆಯ ನೇಮಕ್ಕೆ ಅವರು ಬರಲೇಬೇಕು. ಆದರೆ ಬೇಕಾದಷ್ಟು ಕೆಲಸವಿದ್ದರೂ ಬೇಕಾದಷ್ಟು ಗೌರವ ಇರಲಿಲ್ಲ. ಅಂಥ ಮನೆಯ ಹುಡುಗನೊಬ್ಬ ಸ್ಯಾಕ್ಸೊಫೋನ್ ಹಿಡಿದು ಸಭೆಯ ನಡುವೆ ಜರಿ ಶಾಲು ಹೊದ್ದು ಕುಳಿತಾಗ ಆ ವಾದ್ಯಕ್ಕೆ ಇಲ್ಲಿ ಬೇರೆಯೇ ಅರ್ಥ ಬಂತು. ವಾಲಗದ ಮನೆಗಳ ಮಕ್ಕಳು ನಾಗಸ್ವರವನ್ನು ಬಿಟ್ಟು ಸ್ಯಾಕ್ಸೊಫೋನಿನ ಕಡೆಗೆ ತಿರುಗಿದ್ದರಲ್ಲಿ ನಾದದ ಆಕರ್ಷಣೆ ಎಷ್ಟೋ, ಈ ಗೌರವದ ಆಸೆಯೂ ಅಷ್ಟೇ ಇದ್ದೀತು.

ಹೊರಗೆ ಬೇರೆ, ಒಳಗೆ ಒಂದೇ

ನೋಡಲು ಈ ಎರಡು ವಾದ್ಯಗಳಿಗೆ ಯಾವ ಹೋಲಿಕೆಯೂ ಇಲ್ಲ. ಒಂದು ಕರಿಯ ಮರದ ನೇರ ಕೊಳವೆ. ಇನ್ನೊಂದು ಬಾಗಿದ ಹಿತ್ತಾಳೆ. ಒಂದರ ಮೇಲೆ ಬರಿಯ ತೂತುಗಳು. ಇನ್ನೊಂದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕೀ, ಸನ್ನೆ, ಸ್ಪ್ರಿಂಗುಗಳು. ಆದರೆ ಒಳಗಿನ ಗಾಳಿಯ ದಾರಿಯನ್ನು ನೋಡಿದರೆ ಎರಡೂ ಒಂದೇ ಜಾತಿ. ಬಾಯಿಯ ಬಳಿ ಕಿರಿದಾಗಿ ಶುರುವಾಗಿ, ಕೆಳಗೆ ಹೋದಂತೆ ಅಗಲವಾಗುತ್ತ ಹೋಗುವ ಶಂಕುವಿನ ಆಕಾರ ಎರಡಕ್ಕೂ ಇದೆ.

ಈ ಆಕಾರ ಸಣ್ಣ ಸಂಗತಿಯಲ್ಲ. ಪೀಪಿಯಿಂದ ಊದುವ ಶಂಕುವಿನಾಕಾರದ ಕೊಳವೆಯಲ್ಲಿ ಗಾಳಿಯ ಒತ್ತಡ ಹೆಚ್ಚಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಮಧ್ಯಸ್ಥಾಯಿಯ ಷಡ್ಜಕ್ಕೆ ಯಾವ ಬೆರಳುಗಳೋ ತಾರಸ್ಥಾಯಿಯ ಷಡ್ಜಕ್ಕೂ ಸುಮಾರಾಗಿ ಅವೇ ಬೆರಳುಗಳು. ಕ್ಲಾರಿನೆಟ್ ಹಾಗಲ್ಲ. ಅದೂ ಕರಿಯ ಮರದ ನೇರ ಕೊಳವೆಯೇ, ನೋಡಲು ನಾಗಸ್ವರದ ತಮ್ಮನಂತಿದೆ. ಆದರೆ ಅದರ ಒಳಗಿನ ದಾರಿ ಬಹುಪಾಲು ಸಮ ಅಗಲದ್ದು. ಒತ್ತಿ ಊದಿದರೆ ಸ್ವರ ಒಂದು ಸ್ಥಾಯಿಗೆ ನಿಲ್ಲದೆ ಅದರಾಚೆಯ ಪಂಚಮಕ್ಕೆ ಹಾರುತ್ತದೆ. ಹಾಗಾಗಿ ಮೇಲಿನ ಸ್ಥಾಯಿಯ ಬೆರಳುಗಾರಿಕೆಯನ್ನು ಬೇರೆಯಾಗಿಯೇ ಕಲಿಯಬೇಕು. ನಾಗಸ್ವರದ ಮನೆಯಿಂದ ಬಂದವನ ಬೆರಳಿಗೆ, ಕಣ್ಣಿಗೆ ಹತ್ತಿರವಾದ ಕ್ಲಾರಿನೆಟ್ಟಿಗಿಂತ ಕಣ್ಣಿಗೆ ದೂರವಾದ ಸ್ಯಾಕ್ಸೊಫೋನೇ ಹತ್ತಿರದ ನೆಂಟ.

ಹಾಗಾದರೆ ಮರ, ಹಿತ್ತಾಳೆ ಎಂಬ ಭೇದ? ನಾದದ ಗುಣ ವಾದ್ಯವನ್ನು ಮಾಡಿದ ವಸ್ತುವಿಗಿಂತ ಅದರೊಳಗಿನ ಗಾಳಿಯ ಆಕಾರವನ್ನು ಅವಲಂಬಿಸಿದೆ ಎಂಬುದು ಸ್ವತಃ ಅಡಾಲ್ಫ್ ಸ್ಯಾಕ್ಸ್ ಅವರ ನಿಲುವಾಗಿತ್ತು. 1971ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಒಂದೇ ಅಳತೆಯ ಕೊಳಲುಗಳನ್ನು ಬೇರೆ ಬೇರೆ ವಸ್ತುಗಳಲ್ಲಿ ಮಾಡಿಸಿ, ಮರೆಯಲ್ಲಿ ನುಡಿಸಿ ಪರೀಕ್ಷೆ ಮಾಡಿದರು. ಮರ ಯಾವುದು, ಬೆಳ್ಳಿ ಯಾವುದು ಎಂದು ಕೇಳುಗರಿಗೆ ಬೇರ್ಪಡಿಸಲು ಆಗಲಿಲ್ಲ. ನಾಗಸ್ವರ ಮತ್ತು ಸ್ಯಾಕ್ಸೊಫೋನಿನ ನಾದ ಅಷ್ಟೊಂದು ಬೇರೆಯಾಗಿರಲು ಮುಖ್ಯ ಕಾರಣವನ್ನು ಹುಡುಕಬೇಕಾದದ್ದು ಬಾಯಿಯ ಬಳಿ, ಶಂಕುವಿನ ಅಗಲದಲ್ಲಿ ಮತ್ತು ಬೆರಳುಗಳ ಕೆಳಗೆ.

ಎರಡು ನಾಲಿಗೆ, ಒಂದು ನಾಲಿಗೆ

ನಾಗಸ್ವರದ ಪೀಪಿಗೆ ಎರಡು ಪದರ. ತಮಿಳಿನಲ್ಲಿ ಸೀವಾಳಿ ಎನ್ನುತ್ತಾರೆ. ಜೊಂಡಿನಂಥ ಹುಲ್ಲನ್ನು ಹದಮಾಡಿ, ಚಪ್ಪಟೆ ಒತ್ತಿ, ಕಟ್ಟಿ ತಯಾರಿಸುವ ಈ ಪೀಪಿಯ ಎರಡು ತುಟಿಗಳು ಉಸಿರಿಗೆ ಒಂದನ್ನೊಂದು ಬಡಿದು ಕಂಪಿಸುತ್ತವೆ. ಅದಕ್ಕೆ ಬೇಕಾದ ಒತ್ತಡ ಬಹಳ. ಹುಟ್ಟುವ ನಾದದಲ್ಲಿ ಮೇಲಿನ ಉಪಸ್ವರಗಳು ಬಲವಾಗಿರುವುದರಿಂದ ಅದಕ್ಕೊಂದು ಮೊನಚು; ಕಿಲೋಮೀಟರ್ ಆಚೆಗೂ ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಪೀಪಿ ಪೀಪಿಗೂ ಗುಣ ಬೇರೆ. ವಾದ್ಯದ ಜೊತೆ ದಾರದಲ್ಲಿ ನಾಲ್ಕಾರು ಪೀಪಿ ನೇತಾಡುತ್ತಿರುವುದು ಅಲಂಕಾರಕ್ಕಲ್ಲ. ಕಛೇರಿಯ ನಡುವೆ ಒಂದು ಕೈಕೊಟ್ಟರೆ ಇನ್ನೊಂದು ಬೇಕು.

ಸ್ಯಾಕ್ಸೊಫೋನಿನದು ಒಂಟಿ ಪದರದ ರೀಡ್. ಮೌತ್‌ಪೀಸಿಗೆ ಅದನ್ನು ಬಿಗಿದು, ಕೆಳತುಟಿಯನ್ನು ಅದಕ್ಕೆ ಆನಿಸಿ ಊದಬೇಕು. ಅಂಗಡಿಯಲ್ಲಿ ಎರಡು, ಎರಡೂವರೆ, ಮೂರು ಎಂದು ಗಡಸಿನ ನಂಬರು ಹಾಕಿದ ಪೆಟ್ಟಿಗೆಗಳಲ್ಲಿ ಸಿಗುತ್ತದೆ. ಊದಲು ಬೇಕಾದ ಒತ್ತಡ ನಾಗಸ್ವರದ್ದಕ್ಕಿಂತ ಕಡಿಮೆ. ಮೆಲ್ಲನೆ ಊದಿದರೂ ಸ್ವರ ಒಡೆಯುವುದಿಲ್ಲ. ನಾಗಸ್ವರದಲ್ಲಿ ಪಿಸುಮಾತು ಆಡಿಸುವುದು ಮಹಾ ವಿದ್ವಾಂಸರಿಗಷ್ಟೇ ಸಾಧ್ಯ. ಸ್ಯಾಕ್ಸೊಫೋನ್ ಸಾಮಾನ್ಯ ಕೈಯಲ್ಲೂ ಪಿಸುಗುಟ್ಟುತ್ತದೆ.

ಇದರ ಪರಿಣಾಮ ದೊಡ್ಡದು. ನಾಗಸ್ವರಕ್ಕೆ ಜೊತೆಯಾಗಲು ಡೋಲೇ ಬೇಕು. ಪಿಟೀಲು, ಮೃದಂಗಗಳು ಅದರ ಮುಂದೆ ಕೇಳಿಸುವುದೂ ಕಷ್ಟ. ಗೋಪಾಲನಾಥ್ ಅವರ ಕಛೇರಿಯಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು ಸ್ಯಾಕ್ಸೊಫೋನಿಗೆ ಸರಿಸಮನಾಗಿ ಮಾತಾಡಲು ಸಾಧ್ಯವಾದದ್ದು ಆ ವಾದ್ಯಕ್ಕೆ ತಗ್ಗುವುದೂ ಗೊತ್ತಿದ್ದರಿಂದ. ದೇವಸ್ಥಾನದ ಹೊರಾಂಗಣದಿಂದ ಸಭಾಂಗಣದ ಒಳಕ್ಕೆ ಬರಲು ವಾಲಗದ ಮನೆಯ ಮಗನಿಗೆ ಹೊಸ ವಾದ್ಯ ಬಾಗಿಲು ತೆರೆಯಿತು.

ತೂತು ಮತ್ತು ಕೀ

ನುಡಿಸುವ ಅನುಕೂಲದ ಪ್ರಶ್ನೆಗೆ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ. ನಾಗಸ್ವರದಲ್ಲಿ ಬೆರಳಾಡುವ ತೂತು ಏಳು. ಅದರಿಂದ ಕೆಳಗಿರುವ ನಾಲ್ಕೈದು ತೂತುಗಳನ್ನು ಬೆರಳು ಮುಟ್ಟುವುದಿಲ್ಲ. ಶ್ರುತಿ ಹೊಂದಿಸಲು ಅವುಗಳಿಗೆ ಮೇಣ ತುಂಬುತ್ತಾರೆ. ಏಳು ತೂತಿನಲ್ಲಿ ಹನ್ನೆರಡು ಸ್ವರಸ್ಥಾನ, ಅವುಗಳ ನಡುವಿನ ನೂರು ಬಾಗು ಬಳುಕು ಎಲ್ಲವೂ ಬರಬೇಕು. ಬರುವುದು ಹೇಗೆಂದರೆ, ತೂತನ್ನು ಅರ್ಧ, ಕಾಲು ಮುಚ್ಚಿ, ಉಸಿರನ್ನು ಏರಿಸಿ ಇಳಿಸಿ. ಬೆರಳಿನ ಮಾಂಸ ನೇರವಾಗಿ ಗಾಳಿಯನ್ನು ಮುಟ್ಟುತ್ತಿರುತ್ತದೆ. ಕಲಿಯಲು ವರ್ಷಗಳು ಬೇಕು. ಒಮ್ಮೆ ಕಲಿತರೆ ಜಾರು, ಕಂಪಿತ ಯಾವುದಕ್ಕೂ ಅಡ್ಡಿಯಿಲ್ಲ.

ಕರ್ನಾಟಕ ಸಂಗೀತದಲ್ಲಿ ಇದು ಜೀವದ ಪ್ರಶ್ನೆ. ತೋಡಿಯ ಗಾಂಧಾರವನ್ನೇ ನೋಡಿ. ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ತೊಟ್ಟಿಲಿನಂತೆ ತೂಗುತ್ತದೆ. ತೂಗದಿದ್ದರೆ ಅದು ತೋಡಿಯಲ್ಲ. ನಾಗಸ್ವರದ ಸಾಮ್ರಾಟರೆನಿಸಿದ ಟಿ.ಎನ್. ರಾಜರತ್ನಂ ಪಿಳ್ಳೈ (1898-1956) ಅವರ ಹೆಸರಿನೊಡನೆ ತೋಡಿ ರಾಗ ಬೆಸೆದುಕೊಂಡದ್ದು ಸುಮ್ಮನೆ ಅಲ್ಲ. ಎತ್ತರದ ಶ್ರುತಿಯ ಗಿಡ್ಡ 'ತಿಮಿರಿ' ನಾಗಸ್ವರಕ್ಕೆ ಬದಲಾಗಿ ಎರಡು, ಎರಡೂವರೆ ಮನೆಯ ಆಸುಪಾಸಿನ ಉದ್ದನೆಯ 'ಬಾರಿ' ನಾಗಸ್ವರವನ್ನು ಬಳಕೆಗೆ ತಂದವರೂ ಅವರೇ. ಅಂದರೆ ಇಂದು ಸಂಪ್ರದಾಯವೆಂದು ತೋರುವ ಗಂಭೀರ ದನಿಯ ನಾಗಸ್ವರವೂ ಒಂದು ಕಾಲದ ಹೊಸ ವಾದ್ಯವೇ.

ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ಗಾಳಿಗೂ ನೇರ ಸಂಬಂಧವಿಲ್ಲ. ಬೆರಳು ಕೀಯನ್ನು ಒತ್ತುತ್ತದೆ, ಕೀ ಪ್ಯಾಡನ್ನು ಒತ್ತುತ್ತದೆ, ಪ್ಯಾಡ್ ತೂತನ್ನು ಮುಚ್ಚುತ್ತದೆ. ಒಂದೊಂದು ಅರ್ಧಸ್ವರಕ್ಕೂ ಏರ್ಪಾಡು ಸಿದ್ಧವಾಗಿದೆ; ಸ್ಥಾಯಿ ಬದಲಿಸಲು ಎಡಗೈ ಹೆಬ್ಬೆರಳಿಗೊಂದು ಕೀ ಇದೆ. ವೇಗದ ಸ್ವರಗಳು ಮುತ್ತು ಪೋಣಿಸಿದಂತೆ ಬೀಳುತ್ತವೆ. ಆದರೆ ಇದು ಮೂಲತಃ ನಿಂತ ಸ್ವರಗಳ ವಾದ್ಯ. ಇಂಥದೇ ಕಾರಣಕ್ಕೆ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಹಾರ್ಮೋನಿಯಮ್ಮಿಗೆ ಬಂದ ಆಕ್ಷೇಪ ಸ್ಯಾಕ್ಸೊಫೋನಿಗೂ ಬರಬಹುದಿತ್ತು.

ಅದನ್ನು ಉಳಿಸಿದ್ದು ತುಟಿ. ಹಾರ್ಮೋನಿಯಮ್ಮಿನ ರೀಡ್ ಪೆಟ್ಟಿಗೆಯೊಳಗಿದೆ, ಯಾರ ಕೈಗೂ ಸಿಗುವುದಿಲ್ಲ. ಸ್ಯಾಕ್ಸೊಫೋನಿನ ರೀಡ್ ವಾದಕನ ತುಟಿಯ ಮೇಲೆಯೇ ಇದೆ. ದವಡೆ ಸಡಿಲಿಸಿದರೆ ಸ್ವರ ಕೆಳಗೆ ಬಾಗುತ್ತದೆ, ಮತ್ತೆ ಬಿಗಿದರೆ ನೆಟ್ಟಗಾಗುತ್ತದೆ. ಗಂಟಲಿನ ಆಕಾರ ಬದಲಿಸಿಯೂ ಬಾಗಿಸಬಹುದು. ಕೀಯನ್ನು ಫಟ್ಟನೆ ಬಿಡದೆ ನಿಧಾನವಾಗಿ ಎತ್ತಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಜಾಸ್ ವಾದಕರು ಅಲಂಕಾರಕ್ಕೆ ಬಳಸುವ ಈ ತಂತ್ರವೇ ಇಲ್ಲಿ ರಾಗದ ವ್ಯಾಕರಣವಾಯಿತು.

ಆದರೂ ಮಿತಿಗಳಿವೆ. ಸ್ವರವನ್ನು ಕೆಳಗೆ ಬಾಗಿಸುವುದು ಸುಲಭ, ಮೇಲಕ್ಕೆ ಎಳೆಯುವುದು ಕಷ್ಟ. ತಾರಸ್ಥಾಯಿಯಲ್ಲಿ ಧಾರಾಳವಾಗಿ ಬಾಗುವ ಸ್ವರ ಮಂದ್ರಕ್ಕೆ ಇಳಿದಂತೆ ಮೊಂಡಾಗುತ್ತದೆ. ಹೀಗಾಗಿ ಸ್ಯಾಕ್ಸೊಫೋನಿನಲ್ಲಿ ಮಂದ್ರದ ಗಮಕ ಒಪ್ಪವಾಗಿ ಬಂದರೆ ವಾದಕನ ಹಿಂದೆ ದೊಡ್ಡ ಸಾಧನೆ ಇದೆ ಎಂದೇ ತಿಳಿಯಬೇಕು. ನಾಗಸ್ವರ ಕಲಿಯುವವನಿಗೆ ಮೊದಲ ದಿನ ಕಷ್ಟ. ಶುದ್ಧವಾದ ಒಂದು ಸ್ವರ ಹೊರಡಿಸಲೇ ಎದೆ ನೋಯುತ್ತದೆ. ಸ್ಯಾಕ್ಸೊಫೋನಿನವನಿಗೆ ಮೊದಲ ದಿನ ಸುಲಭ. ಹತ್ತನೆಯ ವರ್ಷದಲ್ಲಿ ಕಷ್ಟ ಎದುರಾಗುತ್ತದೆ.

ಬಯಲಿನ ದನಿ, ಮೈಕಿನ ದನಿ

ಪೊಳಲಿ ರಾಜರಾಜೇಶ್ವರಿಯ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಧರ್ಮಸ್ಥಳದಲ್ಲಿ ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಜನ ಸಾಗರದಂತೆ ಸೇರುತ್ತಾರೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಅಂಗಳವೂ ವಿಶಾಲವಾದದ್ದೇ. ಮೈಕು ಇಲ್ಲದ ಕಾಲದಲ್ಲಿ ಇಂಥ ಜಾಗಗಳಲ್ಲಿ ಜನರ ಗದ್ದಲದ ಮೇಲೆ ಏರಿ ನಿಲ್ಲಬಲ್ಲ ವಾದ್ಯ ಬೇಕಾಗಿತ್ತು. ನಾಗಸ್ವರ ಹುಟ್ಟಿದ್ದೇ ಅದಕ್ಕೆ. ದೇವರು ಎಲ್ಲಿಗೆ ಬಂದರು, ಪೂಜೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಮನೆಯಲ್ಲಿದ್ದವರೂ ಅದರ ದನಿಯಿಂದ ತಿಳಿಯುತ್ತಿದ್ದರು.

ಮೈಕು ಬಂದ ಮೇಲೆ ಗಟ್ಟಿಯಾಗಿ ಕೇಳಿಸುವ ಹೊಣೆ ವಾದ್ಯದಿಂದ ಯಂತ್ರಕ್ಕೆ ದಾಟಿತು. ಹತ್ತಿರ ಹಿಡಿದ ಮೈಕಿಗೆ ನಾಗಸ್ವರದ ಮೊನಚು ಅತಿಯಾಗುತ್ತದೆ. ಸ್ಯಾಕ್ಸೊಫೋನಿನ ದುಂಡು ದನಿ ಹಿತವಾಗಿ ಬರುತ್ತದೆ. ಮದುವೆಮನೆಗಳು ಅಂಗಳದ ಚಪ್ಪರದಿಂದ ಕಲ್ಯಾಣಮಂಟಪಗಳ ಒಳಗೆ ಹೋದವು. ನಾಲ್ಕು ಗೋಡೆಗಳ ನಡುವೆ ನಾಗಸ್ವರ ಜೋರಾಯಿತು. ಜೊತೆಗೆ ಮದುವೆಗೆ ಬಂದವರಿಗೆ ಸಿನಿಮಾ ಹಾಡೂ ಬೇಕು. ಒಂದೊಂದು ಹಾಡಿನ ಧಾಟಿಯೂ ಒಂದೊಂದು ಬಗೆ. ನಡುವೆ ಶ್ರುತಿ ಬದಲಿಸುವ ಹಾಡುಗಳೂ ಉಂಟು. ನಾಗಸ್ವರದ ಆಧಾರಷಡ್ಜ ಆ ವಾದ್ಯದ ಅಳತೆಗೆ ಕಟ್ಟುಬಿದ್ದದ್ದು. ಸ್ಯಾಕ್ಸೊಫೋನಿನಲ್ಲಿ ಹನ್ನೆರಡು ಅರ್ಧಸ್ವರಗಳೂ ಸಿದ್ಧವಾಗಿರುವುದರಿಂದ ಯಾವ ಹಾಡನ್ನೂ ಎತ್ತಿಕೊಳ್ಳಬಹುದು. ಕಸುಬಿನವರು ಹೊಸ ವಾದ್ಯಕ್ಕೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕರಾವಳಿಯ ಹವೆ ಹೊಸ ವಾದ್ಯಕ್ಕೆ ಅಷ್ಟೊಂದು ಸ್ನೇಹಪರವಲ್ಲ. ಮಳೆಗಾಲದ ತೇವಕ್ಕೆ ಚರ್ಮದ ಪ್ಯಾಡುಗಳು ಉಬ್ಬುತ್ತವೆ, ಉಪ್ಪುಗಾಳಿಗೆ ಉಕ್ಕಿನ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ಮೇಲಿನ ಒಂದು ಪ್ಯಾಡ್ ಕೂದಲೆಳೆಯಷ್ಟು ಸೋರಿದರೂ ಅದರಿಂದ ಕೆಳಗಿನ ಸ್ವರಗಳು ಬಾಯಿಬಿಡುವುದಿಲ್ಲ. ನಾಗಸ್ವರದಲ್ಲಿ ಕೆಡುವ ಭಾಗಗಳೇ ಕಡಿಮೆ. ಪೀಪಿ ಹೋದರೆ ಇನ್ನೊಂದು ಪೀಪಿ, ಅಷ್ಟೇ.

ಹಳೆಯದೆಲ್ಲ ಹೊನ್ನೇ?

ಸ್ಯಾಕ್ಸೊಫೋನಿನವರಲ್ಲೇ ಹಳತು ಹೊಸತಿನ ಇನ್ನೊಂದು ಜಗಳವಿದೆ. ಪ್ಯಾರಿಸಿನ ಸೆಲ್ಮರ್ ಕಂಪನಿ 1954ರಲ್ಲಿ ಹೊರತಂದ 'ಮಾರ್ಕ್ ಸಿಕ್ಸ್' ಎಂಬ ಮಾದರಿಗೆ ಜಗತ್ತಿನಾದ್ಯಂತ ಭಕ್ತರಿದ್ದಾರೆ. ಯುದ್ಧದ ಮದ್ದುಗುಂಡಿನ ಚಿಪ್ಪುಗಳನ್ನು ಕರಗಿಸಿ ಮಾಡಿದ ಹಿತ್ತಾಳೆಯಿಂದ ಅದಕ್ಕೆ ಆ ನಾದ ಬಂತೆಂಬ ದಂತಕಥೆಯೂ ಇದೆ. ಅದಕ್ಕೆ ಆಧಾರ ಸಿಕ್ಕಿಲ್ಲ. ಜಪಾನಿನ ಯಮಾಹಾ 1967ರಲ್ಲಿ ಸ್ಯಾಕ್ಸೊಫೋನ್ ತಯಾರಿಗೆ ಇಳಿಯಿತು. ಮುಂದೆ ತೈವಾನ್, ಚೀನಾಗಳ ವಾದ್ಯಗಳೂ ಬಂದವು. 1920ರ ದಶಕದ ಅಮೆರಿಕದ ವಾದ್ಯಗಳಿಗೂ ಇಂದಿನವಕ್ಕೂ ಹೋಲಿಸಿದರೆ, ಹಳೆಯವುಗಳಲ್ಲಿ ಕೆಳಸ್ವರಗಳ ಕೀಗಳು ಎಡಗೈ ಕಿರುಬೆರಳಿಗೆ ಭಾರ. 1930ರ ದಶಕದ ಮಧ್ಯದಲ್ಲಿ ಸೆಲ್ಮರ್ ಆ ಕೀಗಳ ಏರ್ಪಾಡನ್ನು ಬದಲಿಸಿದ ಮೇಲೆ ಬೆರಳಿಗೆ ಹಗುರವಾಯಿತು; ಇಂದಿನ ವಾದ್ಯಗಳು ಹೆಚ್ಚುಕಡಿಮೆ ಆ ದಾರಿಯನ್ನೇ ಹಿಡಿದಿವೆ. ಹೊಸವುಗಳಲ್ಲಿ ಶ್ರುತಿ ಸಮನಾಗಿದೆ, ಹಳೆಯವುಗಳಲ್ಲಿ ದನಿಗೆ ಬಣ್ಣ ಹೆಚ್ಚು ಎಂಬುದು ವಾದಕರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು.

ಇಂಥ ಮಾತುಗಳನ್ನು ಕಣ್ಣುಕಟ್ಟಿ ಪರೀಕ್ಷಿಸಿದ್ದೂ ಉಂಟು, ಪಿಟೀಲಿನ ವಿಷಯದಲ್ಲಿ. 2010ರಲ್ಲಿ ಕ್ಲಾಡಿಯಾ ಫ್ರಿಟ್ಸ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ವಾದಕರಿಗೆ ಮೂರು ಹಳೆಯ, ಮೂರು ಹೊಸ ಪಿಟೀಲುಗಳನ್ನು ಕೊಟ್ಟರು. ಹಳೆಯವುಗಳಲ್ಲಿ ಎರಡು ಸ್ಟ್ರಾಡಿವೇರಿಯಸ್. ಯಾವುದು ಯಾವುದೆಂದು ಕಾಣದಂತೆ ಏರ್ಪಾಡಾಗಿತ್ತು. ಹೆಚ್ಚಿನವರು ಮೆಚ್ಚಿದ್ದು ಹೊಸದನ್ನು. ತಾವು ಮೆಚ್ಚಿದ್ದು ಹಳೆಯದೋ ಹೊಸದೋ ಎಂದು ಹೇಳಲು ಬಹುಪಾಲು ಜನರಿಗೆ ಆಗಲಿಲ್ಲ.

ಹಳೆಯದರ ಮೇಲಿನ ಮೋಹವೆಲ್ಲ ಬರಿ ಭ್ರಮೆ ಎಂದು ಇದರಿಂದ ಹೇಳಿಬಿಡಲಾಗದು. ಕುಂಭಕೋಣದ ಬಳಿಯ ನರಸಿಂಗಪೇಟೆಯ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿನ ಕಸುಬಿನವರು ಆಚಾ ಎಂಬ ಗಟ್ಟಿ ಮರವನ್ನು, ಅದರಲ್ಲೂ ಹಳೆಯ ಮನೆಗಳಿಂದ ಕಳಚಿದ ತೊಲೆ ಕಂಬಗಳನ್ನು ಹುಡುಕುತ್ತಾರೆ. ಹತ್ತಾರು ವರ್ಷ ಒಣಗಿದ ಮರ ಸೊಟ್ಟಗಾಗುವುದಿಲ್ಲ, ಸೀಳುವುದಿಲ್ಲ. ಕೊರೆದ ಶಂಕು ಕೊರೆದಂತೆಯೇ ಉಳಿಯುತ್ತದೆ. ಹಳೆಯ ಮರದ ಮಹಿಮೆ ಇಷ್ಟೇ, ಆದರೆ ಇದು ಸಣ್ಣ ಮಹಿಮೆಯಲ್ಲ.

ಒತ್ತಿನವನು ಎಲ್ಲಿ ಹೋದ?

ಹಳೆಯ ಮೇಳದಲ್ಲಿ ನಾಗಸ್ವರದವನ ಪಕ್ಕದಲ್ಲಿ ಒತ್ತು ಊದುವವನೊಬ್ಬ ನಿಲ್ಲುತ್ತಿದ್ದ. ಅವನ ಕೆಲಸ ಒಂದೇ ಸ್ವರವನ್ನು ಕಡಿಯದಂತೆ ಊದುವುದು. ಮೂಗಿನಿಂದ ಉಸಿರೆಳೆಯುತ್ತಲೇ ಕೆನ್ನೆಯ ಗಾಳಿಯಿಂದ ಊದಬೇಕು. ವಾದ್ಯದ ಮನೆಯ ಎಳೆಯ ಹುಡುಗರಿಗೆ ಅದೇ ಮೊದಲ ಶಾಲೆಯಾಗಿತ್ತು. ಗಂಟೆಗಟ್ಟಲೆ ಷಡ್ಜ ಊದುತ್ತ, ಪಕ್ಕದಲ್ಲಿ ಹಿರಿಯರು ರಾಗವನ್ನು ಹೇಗೆ ಬಿಡಿಸುತ್ತಾರೆಂದು ಕೇಳುತ್ತ ಅವರು ಕಿವಿ ತಿದ್ದಿಕೊಳ್ಳುತ್ತಿದ್ದರು. ವಿದ್ಯುತ್ ಶ್ರುತಿಪೆಟ್ಟಿಗೆ ಬಂದ ಮೇಲೆ ಒತ್ತಿನವನು ಮೇಳದಿಂದ ಮೆಲ್ಲನೆ ಮರೆಯಾದ. ಸಂಬಳ ಕೇಳದ, ದಣಿಯದ ಪೆಟ್ಟಿಗೆ ಅವನ ಜಾಗದಲ್ಲಿ ಕುಳಿತಿತು. ಅವನ ಜೊತೆ ಆ ಶಾಲೆಯೂ ಮುಚ್ಚಿತು. ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಈಗ ಗುಂಡಿ ಒತ್ತಿದರೆ ಗಂಟೆ, ನಗಾರಿಗಳನ್ನು ಯಂತ್ರವೇ ಬಡಿಯುತ್ತದೆ. ನಾಗಸ್ವರದ ನಿಜವಾದ ಎದುರಾಳಿ ಸ್ಯಾಕ್ಸೊಫೋನಲ್ಲ, ಈ ಯಂತ್ರಗಳು. ಸ್ಯಾಕ್ಸೊಫೋನ್ ಕಡೇಪಕ್ಷ ಊದುವ ಮನುಷ್ಯನೊಬ್ಬನನ್ನು ಅಂಗಳದಲ್ಲಿ ಉಳಿಸಿತು.

ಹೊರಗಿನ ವಾದ್ಯಗಳನ್ನು ಒಳಗೆ ಕರೆದುಕೊಳ್ಳುವುದು ಕರ್ನಾಟಕ ಸಂಗೀತಕ್ಕೆ ಹೊಸತಲ್ಲ. ಇನ್ನೂರು ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರೆತಂದರು. ಅದು ನೆಲದ ಮೇಲೆ ಕುಳಿತು, ಶ್ರುತಿ ಬದಲಿಸಿಕೊಂಡು ಇಲ್ಲಿಯದೇ ಆಯಿತು. ನಮ್ಮ ಕಾಲದಲ್ಲಿ ಯು. ಶ್ರೀನಿವಾಸ್ ವಿದ್ಯುತ್ ಮ್ಯಾಂಡೊಲಿನ್ನಿಗೆ ಗಮಕ ಕಲಿಸಿದರು. ಇವೆಲ್ಲ ಗೆದ್ದದ್ದು ನುಡಿಸುವವರ ಕಿವಿಯಲ್ಲಿ ರಾಗ ಮೊದಲೇ ಇದ್ದದ್ದರಿಂದ. ಸ್ಯಾಕ್ಸೊಫೋನಿನದೂ ಅದೇ ಕಥೆ. ಸಜಿಪಮೂಡದ ಹುಡುಗ ಹಿತ್ತಾಳೆಯ ವಾದ್ಯಕ್ಕೆ ತುಟಿ ಇಡುವ ಮೊದಲೇ ಅಪ್ಪನ ನಾಗಸ್ವರ ಅವನ ಕಿವಿ ತುಂಬಿತ್ತು. ಕೀಗಳು ಕೊಡದಿದ್ದ ಜಾರು ಕಂಪನಗಳನ್ನು ಅವನು ತುಟಿಯಿಂದ ಹುಡುಕಿದ್ದು, ಅವು ಹೇಗಿರಬೇಕೆಂದು ಗೊತ್ತಿದ್ದುದರಿಂದ.

ಇಂದು ಮೂಡುಬಿದಿರೆಯಲ್ಲೋ ಬೆಳ್ತಂಗಡಿಯಲ್ಲೋ ಸ್ಯಾಕ್ಸೊಫೋನ್ ಕಲಿಯಲು ಹೊರಡುವ ಹುಡುಗ ಹುಡುಗಿಯರ ಮನೆಯಲ್ಲಿ ಆ ಸ್ವರ ಇದೆಯೇ ಎಂಬುದು ಮುಖ್ಯವಾದ ಪ್ರಶ್ನೆ. ಕಿವಿಯಲ್ಲಿ ನಾಗಸ್ವರ ಇಲ್ಲದೆ ಕೈಯಲ್ಲಿ ಸ್ಯಾಕ್ಸೊಫೋನ್ ಮಾತ್ರ ಇದ್ದರೆ ಹನ್ನೆರಡು ನಿಂತ ಸ್ವರಗಳು ಸಿಗುತ್ತವೆ, ಸಿನಿಮಾ ಹಾಡು ಸಿಗುತ್ತದೆ. ತೋಡಿಯ ಗಾಂಧಾರ ತೂಗುವುದಿಲ್ಲ. ಹಳೆಯ ವಾದ್ಯವನ್ನು ಉಳಿಸಿಕೊಳ್ಳುವುದು ಹೊಸದನ್ನು ದೂರವಿಡಲಿಕ್ಕೆಂದು ಭಾವಿಸುವವರಿದ್ದಾರೆ. ಕರಾವಳಿಯ ಮಟ್ಟಿಗೆ ಮಾತು ಬೇರೆ. ಇಲ್ಲಿನ ಸ್ಯಾಕ್ಸೊಫೋನ್ ಚೆನ್ನಾಗಿ ನುಡಿಯಬೇಕಾದರೂ ಎಲ್ಲೋ ಒಂದು ಅಂಗಳದಲ್ಲಿ ನಾಗಸ್ವರ ನುಡಿಯುತ್ತಿರಬೇಕು.